ಶಾಲೆ ಗೇಟಿನಿಂದ 50 ಮೀಟರ್

ಶಾಲೆಯ ಆಸುಪಾಸಿನಲ್ಲಿ ಜಂಕ್ ಫುಡ್ ಮಾರಾಟಕ್ಕೆ ತಡೆ ಬೇಕೇ?

ಪರ: ಕಾಣದಿದ್ದರೆ ಕೇಳುವುದಿಲ್ಲ

ಪರವಾಗಿ ಬರೆದುಕೊಡಿ ಅಂದರು, ಹೂಂ ಅಂದೆ. ನನ್ನ ಮೇಜಿನ ಡ್ರಾಯರ್‌ನಲ್ಲಿ ಸದಾ ಒಂದು ಚಿಪ್ಸ್ ಪೊಟ್ಟಣ ಇರುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ನಿಯಮ ಹೊಸದೇನಲ್ಲ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಹೇಳಿದೆ. ಬೀಡಿ, ಸಿಗರೇಟಿಗೆ 100 ಗಜದ ಗೆರೆ ಎಳೆದಿಲ್ವಾ? 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೇಡ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಅನ್ನುವ ರಾಸಾಯನಿಕ ಬಣ್ಣ ಬೇಡ ಎಂದಿತು. ಗೋಬಿ ತಿನ್ನುವುದೇನು ನಿಂತುಹೋಯಿತೇ? ಚಿಲಿ ದೇಶದಲ್ಲಂತೂ 2016ರಿಂದ ಇಂಥ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ. ಮುದ್ರೆ ಇದ್ದದ್ದನ್ನು ಶಾಲೆಯೊಳಗೆ ಮಾರುವಂತಿಲ್ಲ.

ಮಕ್ಕಳು ಕೊಳ್ಳುವುದು ಹಸಿವಿಗಲ್ಲ, ಕಂಡದ್ದಕ್ಕೆ. ಕಾಣದಿದ್ದರೆ ಕೇಳುವುದಿಲ್ಲ. ಅಂಗಡಿಯವರ ಹೊಟ್ಟೆಪಾಡು ಅಂತೀರಾ? ಬಾಳೆಹಣ್ಣು ಮಾರಲಿ. ಅದೇನು ಅಷ್ಟು ಕಷ್ಟವಲ್ಲ.

ವಿರೋಧ: ಟೇಪು ಬಂದದ್ದು ಅಮ್ಮನ ಅಂಗಡಿಗೇ

ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಸರ್ಕಾರಿ ಶಾಲೆ ಎದುರಿಗೆ ಅಮ್ಮನ ಪೆಟ್ಟಿಗೆ ಅಂಗಡಿ. ನಾನು ಓದಿದ್ದು ಆ ದುಡ್ಡಿನಲ್ಲೇ. ಆದ್ದರಿಂದ ಈ ವಿಷಯದಲ್ಲಿ ನನ್ನಿಂದ ತಣ್ಣಗೆ ಬರೆಯಲಾಗುವುದಿಲ್ಲ.

ಒಂದು ದಿನ ಇಬ್ಬರು ಬಂದು ಟೇಪು ಹಿಡಿದರು. 42 ಮೀಟರ್. ದಾರಕ್ಕೆ ತೂಗುಹಾಕಿದ್ದ 5 ರೂಪಾಯಿ ಪೊಟ್ಟಣಗಳನ್ನೆಲ್ಲ ಇಳಿಸಿಸಿದರು. ಆಮೇಲೆ ಒಬ್ಬರ ಕಣ್ಣು ಗಾಜಿನ ಭರಣಿಯ ಮೇಲೆ ಬಿತ್ತು. ಅಮ್ಮನೇ ಕುಟ್ಟಿ, ಕಡ್ಡಿಗೆ ಸಿಕ್ಕಿಸಿಟ್ಟ ಹುಣಸೆಹಣ್ಣಿನ ಚಿಗಳಿ. "ಇದರಲ್ಲೂ ಉಪ್ಪು, ಬೆಲ್ಲ ಇದೆಯಲ್ಲಮ್ಮಾ" ಅಂದರು. "ಇಲ್ಲದಿದ್ರೆ ಚಿಗಳಿ ಹೆಂಗಾಗ್ತದೆ ಸಾರ್?" ಅಂದಳು ಅಮ್ಮ. ಅವರು ಒಂದು ಬಾಯಿಗೆ ಹಾಕಿಕೊಂಡೇ ಹೋದರು ಅನ್ನುವುದು ಬೇರೆ ಮಾತು.

ಅಲ್ಲಿಂದ ಹತ್ತು ಹೆಜ್ಜೆ ಆಚೆ ಬೇಕರಿ ಇದೆ. ಗೆರೆಯ ಹೊರಗೆ! ಕ್ರೀಮ್ ಬನ್ನು, ಪಫ್ಸು, ಅವೇ ಪೊಟ್ಟಣಗಳು, ಜೊತೆಗೆ ಫ್ರಿಜ್ಜಿನ ಕೂಲ್ ಡ್ರಿಂಕ್ಸ್. ಮಕ್ಕಳು ಹತ್ತು ಹೆಜ್ಜೆ ಜಾಸ್ತಿ ನಡೆದರು, ಅಷ್ಟೇ.

ಮಕ್ಕಳ ಆರೋಗ್ಯದ ಕಾಳಜಿ ನಮಗೂ ಇದೆ ಬಿಡಿ. ಆದರೆ ಪೊಟ್ಟಣ ತುಂಬುವ ಕಂಪನಿಯ ಬಾಗಿಲಿಗೆ ಯಾಕೆ ಯಾರೂ ಟೇಪು ಹಿಡಿದು ಹೋಗುವುದಿಲ್ಲ? 2025ರ ಸೆಪ್ಟೆಂಬರ್‌ನಲ್ಲಿ ಬಿಸ್ಕತ್ತು, ಚಾಕಲೇಟಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಒಂದು ಕೈಯಲ್ಲಿ ಅಗ್ಗ ಮಾಡುತ್ತಾರೆ, ಇನ್ನೊಂದು ಕೈಯಲ್ಲಿ ಅಮ್ಮನ ದಾರ ಬಿಚ್ಚಿಸುತ್ತಾರೆ. ಕಂಪನಿಗೆ ರಿಯಾಯಿತಿ, ಅಂಗಡಿಗೆ ಟೇಪು. ಇದಕ್ಕೆ ನೀತಿ ಅಂತ ಹೆಸರು. ಶಾಲೆ ಎದುರಿನ ಅಂಗಡಿಯವರೆಲ್ಲ ಮಕ್ಕಳಿಗೆ ವಿಷ ಹಾಕುವವರು ಅನ್ನುವ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಣ್ಣು ಮಾರಿ ಅಂತಾರೆ. ಮೊನ್ನೆ ಊರಿಗೆ ಹೋದಾಗ ನೋಡಿದೆ, ಚಿಪ್ಸ್ ತೂಗುತ್ತಿದ್ದ ಮೊಳೆಗೆ ಅಮ್ಮ ಏಲಕ್ಕಿ ಬಾಳೆಯ ಗೊನೆ ಕಟ್ಟಿದ್ದಾಳೆ. ಸಿಪ್ಪೆ ಆಗಲೇ ಕಪ್ಪಾಗಿತ್ತು. ಯಾಕಮ್ಮಾ ಹೋಗ್ತಿಲ್ವಾ ಅಂದೆ. "ಮೊಟ್ಟೆ ತಿನ್ನದ ಹುಡುಗ್ರಿಗೆ ಸ್ಕೂಲಲ್ಲೇ ಬಾಳೆಹಣ್ಣು ಕೊಡ್ತಾರಲ್ಲೇ. ದುಡ್ಡು ಕೊಟ್ಟು ನನ್ನ ಹತ್ರ ಯಾರು ತಗೋತಾರೆ?" ಅಂದಳು. ಬಸ್ಸಿನಲ್ಲಿ ತಿನ್ನು ಅಂತ ಒಂದು ಚಿಪ್ಪು ಕಿತ್ತು ನನ್ನ ಬ್ಯಾಗಿಗೇ ಹಾಕಿದಳು.