ಎಡಬದಿಯ ಪಲ್ಯ

ಕಾಸರಗೋಡಿನ ಬದಿಯಡ್ಕ ಕಡೆಯ ಅಕ್ಕನ ಮನೆ. ಬಾವನ ಮೆದುಳಿನ ಗಡ್ಡೆ ಮರಳಿ ಬಂದದ್ದು ನಮಗೆ ಮೊದಲು ಗೊತ್ತಾಗಬೇಕಿದ್ದದ್ದು ಬಾಳೆಲೆಯಿಂದ. ಊಟ ಮುಗಿಸಿ ಎದ್ದರೆ ಎಲೆಯ ಎಡಬದಿಯ ಪಲ್ಯ ಹಾಗೇ ಇರುತ್ತಿತ್ತು. "ಪಲ್ಯ ಯಾಕೆ ಬಿಟ್ಟದ್ದು?" ಎಂದು ಅಕ್ಕ ಕೇಳಿದಳು. "ಪಲ್ಯ ಎಲ್ಲಿ ಬಡಿಸಿದ್ದೀ?" ಎಂದರು ಬಾವ.

ಅದೇ ವಾರ ಜಗಲಿಯಲ್ಲಿ ಅಡಿಕೆ ಸುಲಿಯುವಾಗ ಅವರ ಎಡಗೈಯಿಂದ ಅಡಿಕೆ ಜಾರಿ ಜಾರಿ ಬೀಳುತ್ತಿತ್ತು. "ಎಂತ ಇಲ್ಲ ಮಾರಾಯ, ಕೈ ಜೋಮು ಹಿಡಿದದ್ದು" ಎಂದರು. ನಾನೂ ನಂಬಿದೆ. ಮುಂದಿನ ಎಂಆರ್‌ಐಗೆ ಮೂರೇ ವಾರ ಇದೆಯಲ್ಲ, ಆಗ ನೋಡಿದರಾಯಿತು ಎಂದೆ. ಆ ಮಾತು ಈಗಲೂ ಚುಚ್ಚುತ್ತದೆ.

ಗಡ್ಡೆ ಇದ್ದದ್ದು ಬಲಬದಿಯಲ್ಲಿ. ಮೆದುಳಿನ ಬಲಬದಿ ನೋಡಿಕೊಳ್ಳುವುದು ದೇಹದ ಎಡಬದಿಯನ್ನು. ಬಾವನಿಗಿದ್ದ ಗ್ಲಿಯೋಬ್ಲಾಸ್ಟೊಮಾ ಎಂಬ ಮೆದುಳಿನ ಕ್ಯಾನ್ಸರ್ ಮರಳಿದರೆ ಹೆಚ್ಚಾಗಿ ಹಳೆಯ ಜಾಗದ ಹತ್ತಿರವೇ ಬರುತ್ತದೆ. ಹಾಗಾಗಿ ಮೊದಲ ಸಲ ಕಂಡ ತೊಂದರೆಯೇ ಮತ್ತೆ ಶುರುವಾದರೆ ಸುಮ್ನೆ ಕೂರಬೇಡಿ. ಬೆಳಗ್ಗೆ ಏಳುವಾಗಲೇ ಜಾಸ್ತಿಯಾಗುವ ತಲೆನೋವು, ವಾಂತಿ, ಫಿಟ್ಸ್, ನಡಿಗೆ ತಪ್ಪುವುದು, ಇವೂ ಇರಬಹುದು. ಮಾತಿನ ಮೇಲೂ ಕಣ್ಣಿಡಿ. ನಮ್ಮದು ಕನ್ನಡ, ತುಳು, ಮಲಯಾಳ ಬೆರೆಸಿ ಮಾತಾಡುವ ಊರು. ಒಂದು ಶಬ್ದ ಸಿಗದೆ ಇನ್ನೊಂದು ಭಾಷೆಗೆ ಹಾರಿದರೆ ಯಾರಿಗೂ ಗೊತ್ತಾಗುವುದೇ ಇಲ್ಲ. ತಾಳ್ಮೆಯ ಮನುಷ್ಯ ಸಿಡುಕತೊಡಗಿದರೆ "ಪ್ರಾಯ ಆಯ್ತಲ್ಲ" ಎಂದು ಬಿಡುತ್ತೇವೆ.

ಹಾಗಂತ ಎಲ್ಲವೂ ಗಡ್ಡೆಯೇ ಅಲ್ಲ. ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಬರುವ ಊತ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದ ಹಾಗೆಯೇ ಕಾಣಬಹುದು. ಊತ ಇಳಿಸಲು ಕೊಡುವ ಸ್ಟೀರಾಯ್ಡ್ ಕಡಿಮೆ ಮಾಡಿದಾಗಲೂ ತೊಂದರೆ ಮರುಕಳಿಸಬಹುದು. ಕೆಲವೊಮ್ಮೆ ಡಾಕ್ಟರೇ ಕೆಲವು ವಾರ ಬಿಟ್ಟು ಮತ್ತೆ ಎಂಆರ್‌ಐ ಮಾಡಿಸಿ ಆಮೇಲೆ ಹೇಳುತ್ತಾರೆ. ಆದರೆ ನಾವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರಲು ನಮಗೆ ಒಂದು ಇಡೀ ದಿನ ಬೇಕು. 2020ರಲ್ಲಿ ಕೊರೊನಾ ಕಾಲಕ್ಕೆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಇಲ್ಲಿ ಯಾರೂ ಮರೆತಿಲ್ಲ. ಮುಂದೂಡಲು ಮನಸ್ಸಾಗುತ್ತದೆ, ಗೊತ್ತು. ತೊಂದರೆ ಕಂಡ ದಿನವೇ ಡಾಕ್ಟರಿಗೆ ಒಂದು ಫೋನ್ ಆದರೂ ಮಾಡಿ.

ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ. ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಅಕ್ಕ ಈಗ ಹಾಲಿನ ಲೆಕ್ಕದ ಪುಸ್ತಕದಲ್ಲೇ ದಿನಕ್ಕೆರಡು ಸಾಲು ಬರೆಯುತ್ತಾಳೆ. ತಲೆನೋವು ಎಷ್ಟು ಗಂಟೆಗೆ, ಕೈ ಹೇಗಿತ್ತು, ಎಲೆಯಲ್ಲಿ ಎಂತ ಉಳಿಯಿತು. ಕಳೆದ ಸಲ ಡಾಕ್ಟರು ಸ್ಕ್ಯಾನಿಗಿಂತ ಮೊದಲು ಕೇಳಿದ್ದು ಆ ಪುಸ್ತಕವನ್ನು. ಪಲ್ಯವನ್ನು ಅವಳೀಗ ಬಲಬದಿಗೇ ಬಡಿಸುತ್ತಾಳೆ.