ಥ್ಯಾಚರಮ್ಮನ ತಿಥಿಗೆ ದುಡ್ಡು ಹಾಕಿದವರು

2013ರ ಏಪ್ರಿಲ್ 8, ಸೋಮವಾರ. ಲಂಡನ್ನಿನ ರಿಟ್ಜ್ ಹೋಟೆಲಿನಲ್ಲಿ 87 ವರ್ಷದ ಅಜ್ಜಿಯೊಬ್ಬರು ಪಾರ್ಶ್ವವಾಯುವಿನಿಂದ ತೀರಿಕೊಂಡರು. ಅಧಿಕಾರ ಬಿಟ್ಟು 22 ವರ್ಷ ದಾಟಿತ್ತು. ಮರೆವಿನ ಕಾಯಿಲೆ ಇತ್ತು. ಗಂಡ ಹೋಗಿದ್ದು ಕೂಡ ಆಗಾಗ ಮರೆತುಹೋಗುತ್ತಿತ್ತು ಅಂತ ಮಗಳೇ ಬರೆದುಕೊಂಡಿದ್ದರು. ಅಂಥ ಮುದುಕಿ ಹೋದರೆ ಅಕ್ಕಪಕ್ಕದವರು ಬಂದು, ಪಾಪ ನರಳಲಿಲ್ಲ ಬಿಡಿ, ಪುಣ್ಯವಂತೆ ಅಂದು ಕಾಫಿ ಕುಡಿದು ಹೋಗುತ್ತಾರೆ. ಆದರೆ ಈ ಅಜ್ಜಿ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಹಾಗಾಗಿ ಬ್ರಿಟನ್ನಿನಲ್ಲಿ ಅರ್ಧ ಜನ ಕರಿ ಟೈ ಹುಡುಕಿದರು, ಇನ್ನರ್ಧ ಜನ ಶಾಂಪೇನ್ ಬಾಟಲಿ ಹುಡುಕಿದರು.

ಹುಡುಕಿದರು ಅಂದರೆ ತಪ್ಪಾಗುತ್ತದೆ. ಎರಡೂ ಕಡೆಯವರು ಎಲ್ಲ ರೆಡಿ ಮಾಡಿಟ್ಟುಕೊಂಡೇ ಕೂತಿದ್ದರು. ಸರ್ಕಾರದ ಕಡೆ ಅಂತ್ಯಕ್ರಿಯೆಯ ಯೋಜನೆಗೆ 'ಟ್ರೂ ಬ್ಲೂ' ಅಂತ ಗುಟ್ಟಿನ ಹೆಸರಿಟ್ಟು ವರ್ಷಗಳೇ ಆಗಿದ್ದವು. ಅದೂ ಆಕೆಯ ವಿರೋಧಿಗಳಾದ ಲೇಬರ್ ಪಕ್ಷ ಆಳುತ್ತಿದ್ದಾಗಲೇ. ಆ ಕಡೆ ಅರಾಜಕತಾವಾದಿಗಳ ಗುಂಪೊಂದು 1990ರ ದಶಕದಲ್ಲೇ ಕರಪತ್ರ ಹಂಚಿತ್ತು. ಥ್ಯಾಚರ್ ಸತ್ತ ಮೊದಲ ಶನಿವಾರ ಸಂಜೆ ಟ್ರಫಾಲ್ಗರ್ ಚೌಕದಲ್ಲಿ ಪಾರ್ಟಿ, ಎಲ್ಲರೂ ಬನ್ನಿ. ಸಮಯ, ಜಾಗ ಎಲ್ಲ ಗೊತ್ತಾಗಿತ್ತು. ತಾರೀಖು ಒಂದು ಬಾಕಿ ಇತ್ತು, ಅದನ್ನು ಆಕೆಯೇ ಕೊಡಬೇಕಿತ್ತು. ಕೊಟ್ಟರು.

ಅಷ್ಟು ಸಿಟ್ಟು ಯಾಕೆ ಅಂತ ಇವತ್ತಿನ ಹುಡುಗರು ಕೇಳಬಹುದು. 1979ರಿಂದ 1990ರವರೆಗೆ ಹನ್ನೊಂದೂವರೆ ವರ್ಷ ಆಕೆ ಪ್ರಧಾನಿ. ಕಲ್ಲಿದ್ದಲು ಗಣಿ ಕಾರ್ಮಿಕರು 1984ರಲ್ಲಿ ಮುಷ್ಕರ ಹೂಡಿದರು, ಒಂದು ವರ್ಷ ಕಾದು ಅವರನ್ನು ಮಣಿಸಿದರು. ಟೆಲಿಫೋನು, ಗ್ಯಾಸು ಎಲ್ಲ ಖಾಸಗಿಯವರಿಗೆ ಮಾರಿದರು. ಸರ್ಕಾರಿ ಮನೆಯಲ್ಲಿ ಬಾಡಿಗೆಗೆ ಇದ್ದವರಿಗೆ ಅದೇ ಮನೆಯನ್ನು ಕಡಿಮೆ ಬೆಲೆಗೆ ಕೊಟ್ಟರು. ಮನೆ ಸಿಕ್ಕಿದವರು ದೇವತೆ ಅಂದರು, ಗಣಿ ಮುಚ್ಚಿಸಿಕೊಂಡವರು ಮಾಟಗಾತಿ ಅಂದರು. ನಡುವೆ ನಿಂತವರು ಯಾರೂ ಇರಲಿಲ್ಲ. ನಡುವೆ ನಿಲ್ಲುವುದು ಆಕೆಗೂ ಇಷ್ಟವಿರಲಿಲ್ಲ ಅನ್ನಿ.

ಸತ್ತ ಸಂಜೆಯೇ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಜನ ರಸ್ತೆಗೆ ಬಂದರು. ಅಲ್ಲೊಂದು ಹಳೆಯ ಸಿನಿಮಾ ಥಿಯೇಟರ್ ಇದೆ. ಹೆಸರು ರಿಟ್ಜಿ. ಯಾವ ಸಿನಿಮಾ ನಡೆಯುತ್ತಿದೆ ಅಂತ ಮುಂಭಾಗದ ಬೋರ್ಡಿನಲ್ಲಿ ಒಂದೊಂದೇ ಅಕ್ಷರ ಸಿಕ್ಕಿಸಿ ತೋರಿಸುತ್ತಾರೆ. ಕೆಲವರು ಮೇಲೆ ಹತ್ತಿ, ಅಕ್ಷರಗಳನ್ನು ಕಿತ್ತು, ಜಾಗ ಬದಲಿಸಿ 'ಮಾರ್ಗರೆಟ್ ಥ್ಯಾಚರ್ ಸತ್ತಳು' ಅಂತ ಜೋಡಿಸಿಟ್ಟರು. ಸತ್ತದ್ದು ರಿಟ್ಜ್‌ನಲ್ಲಿ, ಸುದ್ದಿ ಹಾಕಿದ್ದು ರಿಟ್ಜಿಯಲ್ಲಿ. ಇಂಥದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಒಪ್ಪುವುದಿಲ್ಲ.

ಕೆಳಗೆ ಕುಣಿಯುತ್ತಿದ್ದವರಲ್ಲಿ ಕೆಲವರ ಕೈಯಲ್ಲಿ ಹಾಲಿನ ಡಬ್ಬಿ ಇತ್ತು. ಅದಕ್ಕೊಂದು ಹಿನ್ನೆಲೆ ಇದೆ. 1971ರಲ್ಲಿ ಶಿಕ್ಷಣ ಮಂತ್ರಿಯಾಗಿದ್ದಾಗ ಥ್ಯಾಚರಮ್ಮ ಏಳು ವರ್ಷ ದಾಟಿದ ಮಕ್ಕಳಿಗೆ ಶಾಲೆಯಲ್ಲಿ ಕೊಡುತ್ತಿದ್ದ ಬಿಟ್ಟಿ ಹಾಲು ನಿಲ್ಲಿಸಿದ್ದರು. 'ಥ್ಯಾಚರ್, ಮಿಲ್ಕ್ ಸ್ನ್ಯಾಚರ್' ಅಂತ ಆಗ ಬಿದ್ದ ಹೆಸರು 42 ವರ್ಷವಾದರೂ ಹೋಗಲಿಲ್ಲ. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅಂತ ನಮ್ಮ ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ. ಬ್ರಿಕ್ಸ್‌ಟನ್‌ನಲ್ಲಿ ಅದು ಅಕ್ಷರಶಃ ನಿಜವಾಯಿತು. ಆದರೆ ಕುಡಿಯುತ್ತಿದ್ದ ಎಷ್ಟೋ ಜನರಿಗೆ ಆಕೆ ರಾಜೀನಾಮೆ ಕೊಟ್ಟಾಗ ಇನ್ನೂ ಹಾಲುಹಲ್ಲೂ ಬಂದಿರಲಿಲ್ಲ. ಅವರ ಹಾಲನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಸಮಾಜ ಅನ್ನುವುದೇ ಇಲ್ಲ, ಇರುವುದು ಒಬ್ಬೊಬ್ಬ ವ್ಯಕ್ತಿ ಮತ್ತು ಅವರವರ ಕುಟುಂಬ ಅಂತ ಥ್ಯಾಚರ್ 1987ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. ಆವತ್ತು ರಾತ್ರಿ ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ತಬ್ಬಿಕೊಂಡು ಹಾಡುತ್ತಿದ್ದರು. ಎಡಪಂಥೀಯ ವಾರಪತ್ರಿಕೆಯೊಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ 'ಸಂಭ್ರಮಿಸಿ' ಅಂತ ಕರೆಕೊಟ್ಟಿತು. ಆ ಪದವೂ ಆಕೆಯದೇ. 1982ರಲ್ಲಿ ಅರ್ಜೆಂಟೀನಾ ಜೊತೆಗಿನ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಗೆಲುವಿನ ಸುದ್ದಿಯೊಂದು ಬಂದು ಪತ್ರಕರ್ತರು ಪ್ರಶ್ನೆ ಕೇಳಲು ಹೊರಟಾಗ, ಮೊದಲು ಈ ಸುದ್ದಿ ಕೇಳಿ ಸಂಭ್ರಮಿಸಿ ಅಂತ ಗದರಿದ್ದರು. ಬೈಯುವುದಕ್ಕೂ ಆಕೆಯ ಹತ್ತಿರವೇ ಸಾಲ ತರುವ ಪರಿಸ್ಥಿತಿ.

ಟ್ವಿಟ್ಟರಿನಲ್ಲಿ ಇನ್ನೊಂದು ಗೋಳು. ಈಗ ಥ್ಯಾಚರ್ ಸತ್ತಾಯಿತು ಅನ್ನುವ ಅರ್ಥದ #nowthatchersdead ಅನ್ನುವ ಹ್ಯಾಷ್‌ಟ್ಯಾಗ್ ಓಡುತ್ತಿತ್ತು. ಹ್ಯಾಷ್‌ಟ್ಯಾಗಿನಲ್ಲಿ ನಡುವೆ ಜಾಗ ಬಿಡುವ ಹಾಗಿಲ್ಲ ಅಲ್ವಾ, ಇಂಗ್ಲಿಷಿನಲ್ಲಿ ಅದನ್ನು ಬೇರೆ ಕಡೆ ಮುರಿದರೆ ಅಮೆರಿಕದ ಗಾಯಕಿ ಶೆರ್ ಸತ್ತರು ಅಂತ ಓದಬಹುದು. ಹಾಗೆ ಓದಿ ಕೆಲವರು ಕಣ್ಣೀರು ಸುರಿಸಿಯೂ ಬಿಟ್ಟರು. ತೈವಾನಿನ ಒಂದು ಚಾನೆಲ್ ಸಾವಿನ ಸುದ್ದಿಯ ಜೊತೆ ಎಲಿಜಬೆತ್ ರಾಣಿಯ ದೃಶ್ಯ ತೋರಿಸಿತು. ಥಾಯ್ಲೆಂಡಿನ ಒಂದು ಚಾನೆಲ್, ಸಿನಿಮಾದಲ್ಲಿ ಥ್ಯಾಚರ್ ಪಾತ್ರ ಮಾಡಿದ್ದ ಮೆರಿಲ್ ಸ್ಟ್ರೀಪ್ ಫೋಟೋ ಹಾಕಿತು. ಆಗ ಬದುಕಿದ್ದ ಮೂವರು ಹೆಂಗಸರಿಗೆ ಒಂದೇ ದಿನ ಶ್ರದ್ಧಾಂಜಲಿ.

ಹಾಡಿನ ಕಥೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1939ರ ಒಂದು ಮಕ್ಕಳ ಸಿನಿಮಾದಲ್ಲಿ ಮಾಟಗಾತಿ ಸತ್ತಳು ಅಂತ ಕುಣಿಯುವ ಹಾಡಿದೆ. 51 ಸೆಕೆಂಡು. ಥ್ಯಾಚರ್ ದ್ವೇಷಿಗಳು ಒಂದು ಉಪಾಯ ಮಾಡಿದರು. ಎಲ್ಲರೂ ಈ ಹಾಡು ಕೊಳ್ಳೋಣ, ಅಂತ್ಯಕ್ರಿಯೆಗೆ ಮೊದಲು ಬರುವ ಭಾನುವಾರ ಇದನ್ನು ವಾರದ ಮಾರಾಟ ಪಟ್ಟಿಯಲ್ಲಿ ನಂಬರ್ ಒನ್ ಮಾಡೋಣ, ಆಗ ಆ ಪಟ್ಟಿಯ ಹಾಡು ಹಾಕುವ ಬಿಬಿಸಿ ರೇಡಿಯೋ ಬಾಯ್ಮುಚ್ಚಿಕೊಂಡು ನುಡಿಸಲೇಬೇಕು. ಕೊಂಡರು. 52 ಸಾವಿರಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು, ಎರಡನೇ ಸ್ಥಾನಕ್ಕೆ ಬಂತು. ಏನಾಯಿತು ನೋಡಿ. ಮಾರುಕಟ್ಟೆ ಹೇಳಿದ್ದೇ ಸರಿ, ಗಿರಾಕಿಯೇ ದೇವರು, ಅಭಿಪ್ರಾಯ ಇದ್ದರೆ ಜೇಬಿನಿಂದ ದುಡ್ಡು ತೆಗೆದು ತೋರಿಸಿ. ಜೀವಮಾನವಿಡೀ ಥ್ಯಾಚರಮ್ಮ ಹೇಳಿದ್ದು ಇದನ್ನೇ. ಗಣಿ ಕಾರ್ಮಿಕರ ಮಕ್ಕಳು, ಸಮಾಜವಾದಿ ಮೇಷ್ಟ್ರುಗಳು, ಬಂಡವಾಳಶಾಹಿಗೆ ಧಿಕ್ಕಾರ ಕೂಗಿ ಗಂಟಲು ಕೆಡಿಸಿಕೊಂಡವರು ಎಲ್ಲರೂ ಕ್ರೆಡಿಟ್ ಕಾರ್ಡ್ ಹಿಡಿದು ಸಾಲಾಗಿ ನಿಂತರು. ಐಟ್ಯೂನ್ಸು, ಅಮೆಜಾನುಗಳಿಗೆ ಏನೂ ಬೇಜಾರಾಗಲಿಲ್ಲ.

ಆಕೆಯ ಭಕ್ತರು ಸುಮ್ನೆ ಇರುತ್ತಾರಾ? ಅವರೂ ಒಂದು ಹಾಡು ಹುಡುಕಿದರು. 1979ರ ಪಂಕ್ ಹುಡುಗರ ಹಾಡು, ನನಗೆ ಮಾರ್ಗರೆಟ್ ಥ್ಯಾಚರ್ ಮೇಲೆ ಲವ್ ಆಗಿದೆ ಅಂತ ಶುರುವಾಗುತ್ತದೆ. ಆ ಹುಡುಗರು ಅದನ್ನು ಬರೆದಿದ್ದೇ ತಮಾಷೆಗೆ. ಆದರೂ ಸೂಟು ಹಾಕಿದ, ಆಕೆಯ ಕನ್ಸರ್ವೇಟಿವ್ ಪಕ್ಷದ ಮಹನೀಯರು ಗಂಭೀರವಾಗಿ ದುಡ್ಡು ಕೊಟ್ಟು ಅದನ್ನು 35ನೇ ಸ್ಥಾನಕ್ಕೆ ಏರಿಸಿದರು.

ನಡುವೆ ಸಿಕ್ಕಿಕೊಂಡಿದ್ದು ಬಿಬಿಸಿ. ಹಾಡು ಹಾಕಿದರೆ ಸತ್ತವರಿಗೆ ಅವಮಾನ, ಹಾಕದಿದ್ದರೆ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಅವಮಾನ. ದೊಡ್ಡವರೆಲ್ಲ ಕೂತು ತಲೆ ಕೆಡಿಸಿಕೊಂಡರು. ಕೊನೆಗೆ ಒಂದು ತೀರ್ಮಾನ ಬಂತು. ಐದು ಸೆಕೆಂಡು ಹಾಕುವುದು. ಅದನ್ನೂ ಹಾಡು ಅಂತ ಅಲ್ಲ, ಸುದ್ದಿ ಅಂತ. ಐದು ಸೆಕೆಂಡಿನಲ್ಲಿ ಮಾಟಗಾತಿ ಪೂರ್ತಿ ಸಾಯುವುದಿಲ್ಲ, ಸ್ವಲ್ಪ ಸುಸ್ತಾಗುತ್ತಾಳೆ ಅಷ್ಟೆ. ಇನ್ನೊಂದು ತಮಾಷೆ ಇದೆ. ರೇಡಿಯೋ ಒನ್ ಕೇಳುವುದು ಹರೆಯದ ಹುಡುಗರು. ಹಾಗಾಗಿ ತುಣುಕಿನ ಜೊತೆ ವರದಿಗಾರ್ತಿಯೊಬ್ಬರು ಬಂದು, ಮಾರ್ಗರೆಟ್ ಥ್ಯಾಚರ್ ಅಂದರೆ ಯಾರು ಅಂತ ಮೊದಲಿನಿಂದ ವಿವರಿಸಬೇಕಾಯಿತು.

ಸಂಸತ್ತಿಗೆ ಆಗ ರಜೆ. ಶ್ರದ್ಧಾಂಜಲಿ ಹೇಳಲು ಏಪ್ರಿಲ್ 10ಕ್ಕೆ ವಾಪಸ್ ಕರೆಸಿದರು. ರಜೆ ಬಿಟ್ಟು ಬಂದ ಸಂಸದರು ಪ್ರಯಾಣದ ಖರ್ಚು ಅಂತ 3,750 ಪೌಂಡಿನವರೆಗೆ ಕೇಳಬಹುದಿತ್ತು. ಸರ್ಕಾರದ ದುಂದುವೆಚ್ಚದ ವಿರುದ್ಧ ಹೋರಾಡಿದ ನಾಯಕಿಯ ಗುಣಗಾನಕ್ಕೆ. ಏಳು ಗಂಟೆಗೂ ಹೆಚ್ಚು ಹೊತ್ತು ಭಾಷಣ ನಡೆಯಿತು. ಲೇಬರ್ ಸಂಸದೆ ಗ್ಲೆಂಡಾ ಜಾಕ್ಸನ್ ಎದ್ದು, ನಾವು ದುರ್ಗುಣ ಅಂತ ಕಲಿತ ದುರಾಸೆ, ಸ್ವಾರ್ಥಗಳೆಲ್ಲ ಈಕೆಯ ಕಾಲದಲ್ಲಿ ಸದ್ಗುಣಗಳಾದವು ಅಂತ ಬಿಸಿ ಮುಟ್ಟಿಸಿದರು. ಗದ್ದಲವಾಯಿತು. ನನ್ನ ಪ್ರಕಾರ ಆ ದಿನ ಥ್ಯಾಚರ್‌ಗೆ ಮರ್ಯಾದೆ ಕೊಟ್ಟವರು ಜಾಕ್ಸನ್ ಒಬ್ಬರೇ. ಎದುರಾಳಿಯ ಮುಖಕ್ಕೆ ಹೊಡೆದಂತೆ ಮಾತಾಡುವುದು ಆಕೆಗೆ ಇಷ್ಟವಾಗಿತ್ತು. ಉಳಿದವರು ಪಕ್ಷ ಹೇಳಿದ ಹಾಗೆ ತಗ್ಗಿ ಮಾತಾಡಿದರು.

ಅಂತ್ಯಕ್ರಿಯೆ ಏಪ್ರಿಲ್ 17ಕ್ಕೆ, ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ. ಇದು ಸರ್ಕಾರಿ ಗೌರವದ ಅಂತ್ಯಕ್ರಿಯೆ ಅಲ್ಲವೇ ಅಲ್ಲ, ವಿಧ್ಯುಕ್ತ ಅಂತ್ಯಕ್ರಿಯೆ ಅಂತ ಸರ್ಕಾರ ಹೇಳಿತು. ವ್ಯತ್ಯಾಸ ಏನು ಅಂತ ಕೇಳಬೇಡಿ. ಫಿರಂಗಿ ಗಾಡಿ ಇತ್ತು, ಅದನ್ನೆಳೆಯಲು ಕುದುರೆಗಳಿದ್ದವು, ದಾರಿಯುದ್ದಕ್ಕೂ ಸೈನಿಕರಿದ್ದರು, ಸುಮಾರು ನಾಲ್ಕು ಸಾವಿರ ಪೊಲೀಸರಿದ್ದರು. ಬಿಗ್ ಬೆನ್ ಗಂಟೆಯ ಬಾಯಿ ಕಟ್ಟಿದ್ದರು. ಪ್ರಧಾನಿಯೊಬ್ಬರ ಅಂತ್ಯಕ್ರಿಯೆಗೆ ರಾಣಿ ಬಂದದ್ದು 1965ರಲ್ಲಿ ಚರ್ಚಿಲ್ ತೀರಿಕೊಂಡ ಮೇಲೆ ಇದೇ ಮೊದಲು. ಮನೆಯವರೂ ಸ್ವಲ್ಪ ಖರ್ಚು ಹಾಕಿಕೊಂಡರು. ಜನರ ತೆರಿಗೆಯಿಂದ ಹೋದದ್ದು 30 ಲಕ್ಷ ಪೌಂಡಿಗೂ ಮೇಲೆ. ವಿಮಾನ ಹಾರಿಸಿ ನಮನ ಸಲ್ಲಿಸುವುದೊಂದು ಇರಲಿಲ್ಲ. ಅದು ದುಡ್ಡು ದಂಡ, ಬೇಡ ಅಂತ ಆಕೆಯೇ ಮೊದಲು ಹೇಳಿಟ್ಟಿದ್ದರಂತೆ. ಆ ಇಡೀ ಮೆರವಣಿಗೆಯಲ್ಲಿ ಥ್ಯಾಚರ್‌ವಾದಿ ಅಂತ ಒಬ್ಬರಿದ್ದರೆ ಅದು ಪೆಟ್ಟಿಗೆಯೊಳಗೆ.

ಚಿತ್ರ ನಿರ್ದೇಶಕ ಕೆನ್ ಲೋಚ್ ಒಂದು ಸಲಹೆ ಕೊಟ್ಟಿದ್ದರು. ಅಂತ್ಯಕ್ರಿಯೆಯನ್ನು ಖಾಸಗೀಕರಣ ಮಾಡಿ, ಟೆಂಡರ್ ಕರೆಯಿರಿ, ಯಾರು ಕಡಿಮೆಗೆ ಮಾಡುತ್ತಾರೋ ಅವರಿಗೆ ಕೊಡಿ, ಆಕೆಗೂ ಅದೇ ಬೇಕಿತ್ತು. ಎಲ್ಲರೂ ನಕ್ಕರು. ಕೆಥೆಡ್ರಲ್‌ನಲ್ಲಿ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಕೆನ್ನೆ ಮೇಲೆ ಕಣ್ಣೀರು ಇಳಿದದ್ದನ್ನು ಟಿವಿ ಕ್ಯಾಮೆರಾ ಹಿಡಿಯಿತು. ಹದಿನಾರು ದಿನ ಮುಂಚೆ, ಏಪ್ರಿಲ್ 1ಕ್ಕೆ, ಇವರದೇ ಸರ್ಕಾರ ಸರ್ಕಾರಿ ಮನೆಯ ಬಡವರಲ್ಲಿ ಯಾರ ಮನೆಯಲ್ಲಿ ಒಂದು ರೂಮು ಜಾಸ್ತಿ ಇದೆಯೋ ಅವರ ಬಾಡಿಗೆ ಸಹಾಯಧನ ಕತ್ತರಿಸಿತ್ತು. ಆಗ ಯಾವ ಕ್ಯಾಮೆರಾಗೂ ಕಣ್ಣೀರು ಸಿಕ್ಕಿರಲಿಲ್ಲ.

ಅದೇ ಬುಧವಾರ, ಉತ್ತರದ ಯಾರ್ಕ್‌ಷೈರ್ ಕಡೆ ಗೋಲ್ಡ್‌ಥಾರ್ಪ್ ಅನ್ನುವ ಹಳೆಯ ಗಣಿ ಊರಿನಲ್ಲೂ ಒಂದು ಶವಯಾತ್ರೆ ನಡೆಯಿತು. ಇಲ್ಲೂ ಕುದುರೆ ಗಾಡಿ, ಇಲ್ಲೂ ಶವಪೆಟ್ಟಿಗೆ, ಒಳಗೆ ಥ್ಯಾಚರ್ ಗೊಂಬೆ. ಊರೆಲ್ಲ ಸುತ್ತಿಸಿ ಪಬ್ಬಿನ ಪಕ್ಕದ ಖಾಲಿ ಜಾಗದಲ್ಲಿ ಬೆಂಕಿ ಇಟ್ಟರು. ಇವರನ್ನು ಗೇಲಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಬ್ರಿಕ್ಸ್‌ಟನ್ ಹುಡುಗರ ಹಾಗೆ ಇವರು ಯಾರೋ ಹೇಳಿದ್ದು ಕೇಳಿ ಸಿಟ್ಟಾದವರಲ್ಲ. ಮುಷ್ಕರದ ವರ್ಷ ಪುಕ್ಕಟೆ ಊಟದ ಸಾಲಿನಲ್ಲಿ ನಿಂತವರ ಊರು ಅದು. ಆದರೂ ಒಂದು ಮಾತು ಹೇಳದೆ ಇರಲಾಗದು. ಲೋಚ್ ಕೇಳಿದ ಟೆಂಡರಿಗೆ ಆವತ್ತು ಅತಿ ಕಡಿಮೆ ಮೊತ್ತ ಹಾಕಿದವರು ಗೋಲ್ಡ್‌ಥಾರ್ಪಿನವರೇ. ಸರ್ಕಾರದಿಂದ ಒಂದು ಪೈಸೆ ಪಡೆಯದೆ, ಸ್ವಂತ ಪರಿಶ್ರಮದಿಂದ, ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸಿದರು. ನಾವೆಲ್ಲ ಒಂದು ರೀತಿಯಲ್ಲಿ ಈಗ ಥ್ಯಾಚರ್‌ವಾದಿಗಳೇ ಅಂತ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವತ್ತೇ ಬೆಳಿಗ್ಗೆ ರೇಡಿಯೋದಲ್ಲಿ ಅಂದಿದ್ದರು. ಅವರು ಈ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಿರಲಾರದು.

ಸತ್ತ ಮೇಲೆ ಪ್ರತಿಮೆ ಆಗಲೇಬೇಕಲ್ಲ. ಆಕೆ ಬದುಕಿದ್ದಾಗಲೇ, 2002ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿದ್ದ ಅಮೃತಶಿಲೆಯ ಪ್ರತಿಮೆಗೆ ಒಬ್ಬಾತ ಕ್ರಿಕೆಟ್ ಬ್ಯಾಟಿನಿಂದ ಬಾರಿಸಿದ್ದ. ತಲೆ ಅಲ್ಲಾಡಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಕಬ್ಬಿಣದ ಕಂಬ ಎತ್ತಿಕೊಂಡು ತಲೆ ಹಾರಿಸಿದ. ಹಾಗಾಗಿ ಹೊಸ ಪ್ರತಿಮೆ ಎಲ್ಲಿ ಅನ್ನುವುದು ದೊಡ್ಡ ಪ್ರಶ್ನೆಯಾಯಿತು. ಪಾರ್ಲಿಮೆಂಟಿನ ಎದುರಿನ ಚೌಕದಲ್ಲಿ ನಿಲ್ಲಿಸುತ್ತೇವೆ ಅಂದಾಗ 2018ರಲ್ಲಿ ಸ್ಥಳೀಯ ಕೌನ್ಸಿಲ್ ಒಪ್ಪಲಿಲ್ಲ. ಅಲ್ಲಿಂದ ನದಿ ದಾಟಿದರೆ, ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣ 2015ರಿಂದ ಆರಾಮಾಗಿ ಇದ್ದಾನೆ. ಬ್ರಿಕ್ಸ್‌ಟನ್ ಸೇರಿರುವ ಲ್ಯಾಂಬೆತ್‌ನಲ್ಲೇ. ಕಲಬುರಗಿ ಕಡೆಯಿಂದ ಹೋಗಿ ಅಲ್ಲಿ ಮೇಯರ್ ಆಗಿದ್ದ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು.

ಥ್ಯಾಚರಮ್ಮನಿಗೆ ಕೊನೆಗೆ ತವರೂರು ಗ್ರಾಂಥಮ್ ಜಾಗ ಕೊಟ್ಟಿತು. ಮೂರು ಲಕ್ಷ ಪೌಂಡಿನ ಕಂಚಿನ ಪ್ರತಿಮೆ. ಚಂದಾ ಎತ್ತಿ ಮಾಡಿಸಿದ್ದು, ಹಾಗಾಗಿ ಆಕೆಯೂ ಒಪ್ಪುತ್ತಿದ್ದರು ಅನ್ನಿಸುತ್ತದೆ. ಕೈಗೆ ಸಿಗದಿರಲಿ ಅಂತ ಹತ್ತು ಅಡಿ ಎತ್ತರದ ಕಟ್ಟೆ ಕಟ್ಟಿದರು. 2022ರ ಮೇ 15, ಭಾನುವಾರ ಬೆಳಿಗ್ಗೆ ಕೂರಿಸಿದರು. ಸುಮಾರು ಎರಡೇ ಗಂಟೆಯಲ್ಲಿ ಮೊದಲ ಮೊಟ್ಟೆ ಬಿತ್ತು. ಎಸೆದವರಿಗೆ 90 ಪೌಂಡ್ ದಂಡ. ಆಕೆ ಹುಟ್ಟಿದ್ದು ಅದೇ ಊರಿನಲ್ಲಿ, ಅಪ್ಪನ ಕಿರಾಣಿ ಅಂಗಡಿಯ ಮೇಲಿನ ಮನೆಯಲ್ಲಿ. ಆ ಭಾನುವಾರದಿಂದ ಗ್ರಾಂಥಮ್ಮಿನ ದಿನಸಿ ಅಂಗಡಿಗಳಲ್ಲಿ ಮೊಟ್ಟೆ ವ್ಯಾಪಾರಕ್ಕೆ ತೊಂದರೆ ಇರಲಾರದು.