ಚಂದ್ರಗುಪ್ತನೂ ಬದು ಒತ್ತುವರಿಯೂ

ನಮ್ಮ ಕಡೆ ಬದು ಒತ್ತುವವರಿಗೂ ಸ್ವಲ್ಪ ನಾಚಿಕೆ ಇರುತ್ತದೆ. ವರ್ಷಕ್ಕೊಂದು ಗೇಣು, ಅದೂ ಯಾರೂ ನೋಡದಾಗ. ಸಿವಿಲೈಸೇಶನ್ 6 ಅಂತ ಒಂದು ಕಂಪ್ಯೂಟರ್ ಆಟ, ಸರದಿಯ ಮೇಲೆ ಊರು ಕಟ್ಟಿ ರಾಜ್ಯ ಬೆಳೆಸುವುದು. ಅದರಲ್ಲಿ ಎದುರಾಳಿಯಾಗಿ ಕಂಪ್ಯೂಟರ್ ಆಡಿಸುವ ಚಂದ್ರಗುಪ್ತ ಮೌರ್ಯನಿಗೆ ಆ ಮುಜುಗರವೂ ಇಲ್ಲ. ತನ್ನ ರಾಜಧಾನಿಯ ಸುತ್ತ ನದಿ, ಬಯಲು, ಗೋಧಿ ಎಲ್ಲ ಖಾಲಿ ಬಿದ್ದಿವೆ. ಅದನ್ನು ಬಿಟ್ಟು ಅವನ ಸೆಟ್ಲರ್, ಅಂದರೆ ಹೊಸ ಊರು ಕಟ್ಟುವ ಆಳು, ಅರ್ಧ ಭೂಪಟ ನಡೆದು ಬಂದು, ನನ್ನ ಎರಡು ಊರುಗಳ ನಡುವಿನ ಹಿಮದ ಪಟ್ಟಿಯಲ್ಲಿ ಗೂಟ ಹೊಡೆಯುತ್ತಾನೆ. ಅಲ್ಲಿ ಹುಲ್ಲೂ ಬೆಳೆಯಲ್ಲ. ನಾಲ್ಕು ಸರದಿ ಆದ ಮೇಲೆ ಚಂದ್ರಗುಪ್ತನೇ ತೆರೆಯ ಮೇಲೆ ಬಂದು ಹುಬ್ಬು ಗಂಟಿಕ್ಕುತ್ತಾನೆ. ತಪ್ಪು ನನ್ನದಂತೆ. ನಾನು ಅವನಿಗೆ ತೀರಾ ಹತ್ತಿರ ಇದ್ದೇನಂತೆ!

ಇದು ಅವನ ಸಿಟ್ಟಲ್ಲ, ಅಜೆಂಡಾ. ಈ ಆಟದಲ್ಲಿ ಪ್ರತಿ ರಾಜನಿಗೂ ಒಂದು ಹುಚ್ಚು ಬರೆದಿಟ್ಟಿದ್ದಾರೆ. ರೋಮಿನ ಟ್ರಾಜನ್‌ಗೆ ಕಡಿಮೆ ಜಾಗ ಇರುವವರನ್ನು ಕಂಡರೆ ಆಗಲ್ಲ, ಬಾಡಿಗೆಯವರನ್ನು ಕಂಡ ಸೈಟ್ ಮಾಲೀಕರ ಹಾಗೆ. ಚಂದ್ರಗುಪ್ತನಿಗೆ ಪಕ್ಕದವನೇ ಆಗಲ್ಲ. ದೂರದಲ್ಲಿರುವವರೆಲ್ಲ ಒಳ್ಳೆಯವರು. ಮೇಲಾಗಿ, ಜಾಗ ವಿಸ್ತರಿಸಲೆಂದೇ ಯುದ್ಧ ಸಾರಿದರೆ ಮೊದಲ 10 ಸರದಿ ಅವನ ಸೈನ್ಯ 2 ಹೆಜ್ಜೆ ಜಾಸ್ತಿ ನಡೆಯುತ್ತದೆ, ಬಲವೂ 5 ಅಂಕ ಜಾಸ್ತಿ. ಒತ್ತುವರಿಗೆ ಬೋನಸ್ ಕೊಡುವ ಕಾನೂನು ಇದೊಂದೇ ಇರಬೇಕು. (ಇರಲಿ, ಖಾತ್ರಿಯಾಗಿ ಹೇಳಲಾರೆ.)

ನಮ್ಮ ಶ್ರವಣಬೆಳಗೊಳದ ಕಥೆ ಗೊತ್ತಲ್ವಾ? ಜೈನ ಪರಂಪರೆಯ ಪ್ರಕಾರ ಇದೇ ಚಂದ್ರಗುಪ್ತ ಸಿಂಹಾಸನ ಬಿಟ್ಟು, ಗುರು ಭದ್ರಬಾಹುವಿನ ಜೊತೆ ದಕ್ಷಿಣಕ್ಕೆ ನಡೆದು ಬಂದು, ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ. ಆ ಬೆಟ್ಟಕ್ಕೆ ಚಂದ್ರಗಿರಿ ಅಂತ ಹೆಸರೂ ಬಂತು. ಅಷ್ಟು ದೊಡ್ಡ ರಾಜ್ಯವನ್ನೇ ಬಿಟ್ಟು ಬಂದವನನ್ನು ಕಂಪ್ಯೂಟರಿಗೆ ಹಾಕಿದರೆ, ಹುಲ್ಲೂ ಬೆಳೆಯದ ಹಿಮಕ್ಕೆ ಜೊಲ್ಲು ಸುರಿಸುತ್ತಾನೆ.

ಯಾಕೆ ಹೀಗೆ? ಕಂಪ್ಯೂಟರ್ ಪ್ರತಿ ಜಾಗಕ್ಕೂ ಅಂಕ ಹಾಕುತ್ತದೆ. ಸಿಹಿನೀರು ಇದೆಯಾ, ಸುತ್ತ ಏನು ಸಿಗುತ್ತದೆ, ಎಷ್ಟು ದೂರ. ಕೂಡಿ ಕಳೆದು ಜಾಸ್ತಿ ಬಂದ ಕಡೆ ಹೊರಡುತ್ತದೆ. ಕೂಡೋದರಲ್ಲಿ ತಪ್ಪಿಲ್ಲ. ಬುದ್ಧಿಯ ಕಾಲಂ ಮಾತ್ರ ಎಲ್ಲೂ ಕಾಣಲ್ಲ.

ಕಷ್ಟದ ಮಟ್ಟ ಏರಿಸಿದರೆ ಬುದ್ಧಿ ಬರಬಹುದು ಅಂತ ನಾನೂ ನಂಬಿದ್ದೆ. ಒಟ್ಟು 8 ಮೆಟ್ಟಿಲು, ತುದಿಯಲ್ಲಿ ಡೀಟಿ, ಅಂದರೆ ದೇವರು. ಅಲ್ಲಿ ಆಟದ ಶುರುವಿಗೆ ನನಗೆ ಸಿಗೋದು 1 ಸೆಟ್ಲರ್, ಅವನಿಗೆ 3. ತಲೆ ಅದೇ ಹಳೇದು. ಫೇಲಾಗುವ ಹುಡುಗನಿಗೆ ಪಾಠ ಹೇಳುವ ಬದಲು ಗ್ರೇಸ್ ಮಾರ್ಕ್ಸ್ ಹಾಕಿ ರ‍್ಯಾಂಕ್ ಕೊಟ್ಟ ಹಾಗೆ. ಈಗ ಒಂದರ ಬದಲು ಮೂರು ಕಡೆ ತಪ್ಪು ಜಾಗದಲ್ಲಿ ಊರು ಕಟ್ಟುತ್ತಾನೆ, ಅಷ್ಟೇ.

2018ರಲ್ಲಿ ಈ ಆಟಕ್ಕೆ ರೈಸ್ ಅಂಡ್ ಫಾಲ್ ಅನ್ನುವ ವಿಸ್ತರಣೆ ಬಂತು. ಚಂದ್ರಗುಪ್ತ ಬಂದಿದ್ದೂ ಅದರಲ್ಲೇ, ಊರುಗಳಿಗೆ ನಿಷ್ಠೆ ಅನ್ನುವ ಲೆಕ್ಕ ಬಂದಿದ್ದೂ ಅದರಲ್ಲೇ. ರೋಗ, ಮಾತ್ರೆ ಎರಡೂ ಒಂದೇ ಪೊಟ್ಟಣದಲ್ಲಿ. ಭೂಪಟದ 9 ಚೌಕದಂಥ ಮನೆಗಳ ಒಳಗಿನ ಊರುಗಳ ಜನಸಂಖ್ಯೆ ಪಕ್ಕದ ಊರನ್ನು ತಮ್ಮ ರಾಜನ ಕಡೆಗೆ ಎಳೆಯುತ್ತದೆ. ನಿಷ್ಠೆ ಸೊನ್ನೆಯಾದರೆ ಆ ಊರು ಸ್ವತಂತ್ರ.

ಹಿಮದ ಊರೂ ದಂಗೆ ಎದ್ದಿತು. ಆಮೇಲೆ ತಾನಾಗಿಯೇ ನನ್ನ ಕಡೆ ಬಂತು. ನಾನು ಒಂದು ಬಾಣವನ್ನೂ ಬಿಟ್ಟಿಲ್ಲ. ಮುಂದಿನ ಸರದಿಗೆ ಚಂದ್ರಗುಪ್ತ ಮತ್ತೆ ಬಂದ. ಈಗ ನಾನು ಅವನಿಗೆ ಇನ್ನೂ ಹತ್ತಿರ ಬಂದಿದ್ದೇನಂತೆ.